ಹೆಸರು ಕುಮಟಾದ್ದು, ಹತ್ತಿ ಗದಗಿನದು

ಹತ್ತಿ ವ್ಯಾಪಾರದ ಹಳೆಯ ದಫ್ತರಗಳನ್ನು ತಿರುವಿ ನೋಡಿದವರಿಗೆ ‘ಕುಮಟಾ ಹತ್ತಿ’ ಎಂಬ ಹೆಸರು ಅಪರಿಚಿತವಲ್ಲ. 19ನೆಯ ಶತಮಾನದಲ್ಲಿ ಮುಂಬಯಿಯ ಪೇಠೆಯಲ್ಲಿ ಮಾತ್ರವಲ್ಲ, ಸಾವಿರಾರು ಮೈಲಿ ದೂರದ ಲಿವರ್‌ಪೂಲಿನ ದರಪಟ್ಟಿಯಲ್ಲಿಯೂ ಈ ಹೆಸರು ಬ್ರೋಚ್, ಧೋಲೇರಾಗಳ ಸಾಲಿನಲ್ಲಿ ಅಚ್ಚಾಗುತ್ತಿತ್ತು. ಆದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ಪಟ್ಟಣವನ್ನು ಒಮ್ಮೆಯಾದರೂ ಕಂಡವರಿಗೆ ಇಲ್ಲೊಂದು ಸಂಶಯ ಹುಟ್ಟದಿರದು. ತೆಂಗು, ಅಡಿಕೆ, ಭತ್ತ, ಉಪ್ಪು, ಮೀನುಗಳ ಆ ಸೀಮೆಯಲ್ಲಿ, ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಕೆಂಪು ನೆಲದಲ್ಲಿ ಹತ್ತಿ ಬೆಳೆಯುವುದಾದರೂ ಎಲ್ಲಿ?

ಉತ್ತರ ಸರಳವಾಗಿದೆ. ಕುಮಟಾ ಹತ್ತಿ ಕುಮಟಾದ ಬೆಳೆಯಲ್ಲ. ಅದು ಬೆಳೆದದ್ದು ಗದಗ, ರೋಣ, ಮುಂಡರಗಿ, ನವಲಗುಂದ, ಹುಬ್ಬಳ್ಳಿ ಭಾಗಗಳ ಎರೆಭೂಮಿಯಲ್ಲಿ. ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಏರುತ್ತಿದ್ದುದರಿಂದ ಮುಂಬಯಿಯ ವರ್ತಕರು ಅದಕ್ಕೆ ಬಂದರಿನ ಹೆಸರನ್ನೇ ಕೊಟ್ಟರು. ಬೆಳೆದ ರೈತನ ಊರಿನ ಹೆಸರು ಅಳಿಸಿತು, ಮಾಲು ಕಳಿಸಿದ ಊರಿನ ಹೆಸರು ಉಳಿಯಿತು.

ವಿಚಿತ್ರವೆಂದರೆ ಆ ಬಂದರಿನ ವೈಭವವೂ ಬಹುಕಾಲ ಬಾಳಲಿಲ್ಲ. 1860ರ ದಶಕದಲ್ಲಿ ಹಮಾಲರು, ದಲಾಲರು, ದೋಣಿಕಾರರಿಂದ ಗಿಜಿಗುಡುತ್ತಿದ್ದ ಊರು ಇಪ್ಪತ್ತೈದು ವರ್ಷಗಳಲ್ಲಿ ಹತ್ತಿಯ ನಕ್ಷೆಯಿಂದ ಜಾರಿಹೋಯಿತು. ಅದರ ಇಳಿಗಾಲವೇ ಗದಗಿನ ಏರುಗಾಲವಾಯಿತು. ಆದ್ದರಿಂದ ಕುಮಟಾದ ಕಥೆಯು ಗದಗ-ಬೆಟಗೇರಿಯ ವರ್ತಕ ಸಮುದಾಯಕ್ಕೆ ದೂರದ ಕರಾವಳಿಯ ಕಥೆಯಲ್ಲ. ಅದು ತನ್ನದೇ ಖಾತೆಯ ಹಿಂದಿನ ಪುಟ. ಆ ಪುಟವನ್ನು ಇಂದು ಮತ್ತೊಮ್ಮೆ ಓದಬೇಕಾದ ಕಾರಣಗಳಿವೆ.

ಚಕ್ಕಡಿಯ ದಾರಿ

ಜವಾರಿ ಹತ್ತಿಯನ್ನು ಎರೆಹೊಲದಲ್ಲಿ ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳಲ್ಲಿ ಬಿತ್ತುತ್ತಿದ್ದರು. ಬಿಡಿಸುವ ಕೆಲಸ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತಿತ್ತು. ಯಂತ್ರಗಳು ಬರುವ ಮೊದಲು ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಅರಳೆಯನ್ನೂ ಹತ್ತಿಕಾಳನ್ನೂ ಬೇರ್ಪಡಿಸುತ್ತಿದ್ದರು. ಅರಳೆ ಅಂಡಿಗೆಯಾಗಿ ಚಕ್ಕಡಿ ಏರಿ ಹುಬ್ಬಳ್ಳಿ, ಶಿರಸಿ ಮಾರ್ಗವಾಗಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಚಕ್ಕಡಿ ರಸ್ತೆ ಆಗುವ ಮೊದಲು ಈ ಸಾಗಾಣಿಕೆಯೆಲ್ಲ ಲಂಬಾಣಿಗಳ ಹೇರೆತ್ತುಗಳ ಬೆನ್ನಿನ ಮೇಲೆ ನಡೆದಿತ್ತು. ಗದಗ, ಶಿರಹಟ್ಟಿ, ಮುಂಡರಗಿ ಭಾಗದ ತಾಂಡಾಗಳನ್ನು ಕಂಡವರಿಗೆ ಆ ಪ್ರಾಚೀನ ವ್ಯಾಪಾರದ ನೆನಪು ತಾನಾಗಿ ಬರುತ್ತದೆ.

ಗದಗಿನಿಂದ ಕುಮಟಾಕ್ಕೆ ಈ ಹಾದಿಯ ಉದ್ದ 200 ಕಿ.ಮೀ.ಗೂ ಹೆಚ್ಚು. ಹೇರು ತುಂಬಿದ ಚಕ್ಕಡಿ ದಿನಕ್ಕೆ 20ರಿಂದ 25 ಕಿ.ಮೀ. ನಡೆದರೂ ಒಂಬತ್ತು-ಹತ್ತು ದಿನಗಳ ಪಯಣ. ಸುಗ್ಗಿ ಮುಗಿದ ಬೇಸಿಗೆಯಲ್ಲಿ ಎತ್ತುಗಳಿಗೆ ಹೊಲದ ಕೆಲಸ ಇರುತ್ತಿರಲಿಲ್ಲವಾದ್ದರಿಂದ ಬಾಡಿಗೆಗೆ ಚಕ್ಕಡಿ ಹೂಡುವುದು ರೈತನಿಗೂ ಅನುಕೂಲವಾಗಿತ್ತು. ಹೋಗುವಾಗ ಹತ್ತಿ, ಬರುವಾಗ ಉಪ್ಪು, ತೆಂಗಿನಕಾಯಿ, ಒಣಮೀನು. ಎರಡೂ ಕಡೆ ಹೇರು ಸಿಗುತ್ತಿದ್ದುದರಿಂದ ಬಾಡಿಗೆ ಕಟ್ಟುಬೀಳುತ್ತಿತ್ತು. ಇಂದಿನ ಲಾರಿ ಮಾಲೀಕರಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ವ್ಯಾಪಾರದ ಕೊರಳಿಗೆ ಒಂದು ಕುಣಿಕೆ ಇತ್ತು. ಜೂನ್ ಬಂತೆಂದರೆ ಅರಬ್ಬೀ ಸಮುದ್ರ ಕೆರಳುತ್ತದೆ. ಪತ್ತೇಮಾರಿಗಳನ್ನು ದಂಡೆಗೆ ಎಳೆದು ಮಡಲು ಹೊದಿಸಿ ಇಡುವ ಕಾಲವದು. ಫೆಬ್ರವರಿಯಲ್ಲಿ ಬಿಡಿಸಿದ ಹತ್ತಿ ಮೇ ತಿಂಗಳು ಮುಗಿಯುವುದರೊಳಗೆ ಹಡಗು ಏರಬೇಕು. ತಡವಾದ ಅಂಡಿಗೆಯು ಮಳೆಗಾಲ ಕಳೆದು ಬಂದರು ತೆರೆಯುವವರೆಗೆ ಗೋದಾಮಿನಲ್ಲಿ ಕುಳಿತು ತೇವ ಹೀರಬೇಕು. ಅದರ ಮೇಲೆ ಕೊಟ್ಟ ಮುಂಗಡದ ಬಡ್ಡಿ ಮಾತ್ರ ದಿನವೂ ಬೆಳೆಯುತ್ತದೆ. ವರ್ಷದ ಗಳಿಕೆಯೆಲ್ಲ ಮೂರು ತಿಂಗಳ ಓಟದಲ್ಲಿ ಅಡಗಿದ್ದ ಊರು ಕುಮಟಾ.

ಸ್ವಾಭಾವಿಕ ಬಂದರು ಎಂಬ ದೃಷ್ಟಿಯಿಂದಲೂ ಅದು ಅಷ್ಟೇನೂ ಭಾಗ್ಯಶಾಲಿಯಲ್ಲ. ಕೊಲ್ಲಿಯ ನೀರು ಆಳವಿರಲಿಲ್ಲ. ದೊಡ್ಡ ಹಡಗುಗಳು ಹೊರಗಿನ ತೆರೆದ ಸಮುದ್ರದಲ್ಲಿ ಲಂಗರು ಹಾಕಿ, ಮಾಲು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಹೋಗಬೇಕಾಗುತ್ತಿತ್ತು. ಉತ್ತರಕ್ಕಿರುವ ಕಾರವಾರದ ಬೈತಖೋಲದಲ್ಲಿ ಗುಡ್ಡಗಳ ಮರೆಯಿರುವ ಒಳ್ಳೆಯ ಬಂದರಿತ್ತು. ಆದರೂ ಚಕ್ಕಡಿ ಇಳಿಯುವ ಘಟ್ಟ, ಹಣ ಕೊಡುವ ಸಾಹುಕಾರ, ಮಾಲು ಎತ್ತುವ ಹಮಾಲ, ಮುಂಬಯಿಯ ನಂಟಿರುವ ದಲಾಲ ಇವರೆಲ್ಲರೂ ಕುಮಟಾದಲ್ಲಿ ಕೂಡಿದ್ದರಿಂದ ವ್ಯಾಪಾರ ಅಲ್ಲಿಗೇ ಹರಿಯಿತು.

ಗಾಳಿ ಬಂದ ಕಾಲ

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. ಆ ರಾಜ್ಯಗಳ ಬಂದರುಗಳಿಗೆ ಉತ್ತರದವರ ನೌಕಾಪಡೆ ದಿಗ್ಬಂಧನ ಹಾಕಿದೊಡನೆ ಲ್ಯಾಂಕಾಶೈರಿನ ಮಗ್ಗಗಳು ನಿಂತವು. ಇಡೀ ಜಗತ್ತು ಹಿಂದುಸ್ತಾನದ ಹತ್ತಿಯತ್ತ ತಿರುಗಿತು. ಮುಂಬಯಿಯಲ್ಲಿ ದರ ಹಲವು ಪಟ್ಟು ಏರಿತು. ಯುದ್ಧದ ವರ್ಷಗಳಲ್ಲಿ ಆ ನಗರಕ್ಕೆ ಹತ್ತಿಯಿಂದ ಮಾಮೂಲಿಗಿಂತ ಹೆಚ್ಚಾಗಿ ಹರಿದುಬಂದ ಹಣ 7 ಕೋಟಿ ಪೌಂಡಿಗೂ ಮೇಲೆಂದು ಅಂದಾಜು.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯಂತೆ ಎಲ್ಲರೂ ತೂರಿಕೊಂಡರು. ಹಾಗೆ ತೂರುವಾಗ ಕಾಳಿನೊಡನೆ ಹೊಟ್ಟೂ ಸೇರಿತು. ತೂಕ ಹೆಚ್ಚಿಸಲು ಅರಳೆಗೆ ಹತ್ತಿಕಾಳು ಬೆರೆಸುವುದು, ನೀರು ಚಿಮುಕಿಸುವುದು, ಒಳ್ಳೆಯ ಅರಳೆಯ ನಡುವೆ ಕೀಳು ಅರಳೆ ತುಂಬುವುದು ಎಷ್ಟು ಬೆಳೆಯಿತೆಂದರೆ ಮುಂಬಯಿ ಸರಕಾರವು 1863ರಲ್ಲಿ ಹತ್ತಿ ಕಲಬೆರಕೆ ತಡೆಯಲು ಪ್ರತ್ಯೇಕ ಕಾಯದೆಯನ್ನೇ ಮಾಡಬೇಕಾಯಿತು. ದರ ಏರಿದ ಕಾಲದಲ್ಲಿ ಯಾರೂ ಮಾಲಿನ ಗುಣವನ್ನು ಕೇಳುವುದಿಲ್ಲ. ದರ ಇಳಿದೊಡನೆ ಮೊದಲು ತಿರಸ್ಕೃತವಾಗುವುದು ಗುಣ ಕೆಟ್ಟ ಮಾಲೇ. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯಿತು. ದರ ಕುಸಿಯಿತು. ಹತ್ತಿಯ ಹಣದಿಂದ ಹುಟ್ಟಿದ ಮುಂಬಯಿಯ ಷೇರು ಕಂಪನಿಗಳು ಒಂದರ ಹಿಂದೊಂದು ನೆಲಕಚ್ಚಿದವು. ಅಂದಿನ ಬ್ಯಾಂಕ್ ಆಫ್ ಬಾಂಬೆಯೂ 1868ರಲ್ಲಿ ಮುಚ್ಚಿತು.

ಈ ನಾಲ್ಕು ವರ್ಷಗಳ ಸುಗ್ಗಿಯಲ್ಲಿ ಬಂದರು ಪಟ್ಟಣಕ್ಕೆ ಯಾವ ಬಗೆಯ ಆದಾಯ ಬಂದೀತೆಂಬುದನ್ನು ಲೆಕ್ಕದ ಕಣ್ಣಿನಿಂದ ನೋಡಬೇಕು. ದಲಾಲಿ, ಹಮಾಲಿ, ಗೋದಾಮಿನ ಬಾಡಿಗೆ, ದೋಣಿಯ ಬಾಡಿಗೆ, ಮುಂಗಡದ ಬಡ್ಡಿ. ಇವೆಲ್ಲವೂ ಮಾಲು ಹಾದುಹೋದದ್ದಕ್ಕೆ ಸಂದ ಹಣ. ಅರಳೆ ನೂಲಾಗಲಿಲ್ಲ, ನೂಲು ಬಟ್ಟೆಯಾಗಲಿಲ್ಲ. ಹತ್ತಿಯನ್ನು ಬೆಳೆದವರು ಘಟ್ಟದ ಮೇಲಿದ್ದರು, ನೂಲುವವರು ಕಡಲಿನಾಚೆ ಇದ್ದರು. ನಡುವಿನ ಬಂದರಿನ ಕೈಯಲ್ಲಿದ್ದ ಬಂಡವಾಳ ಒಂದೇ: ದಾರಿ.

ದಂಡೆಯಲ್ಲಿ ಉಳಿದ ಯಂತ್ರಗಳು

ದಾರಿಯ ಮಹತ್ವ ಇಂಗ್ಲೆಂಡಿನ ಗಿರಣಿ ಮಾಲೀಕರಿಗೂ ತಿಳಿದಿತ್ತು. 1860ರಲ್ಲಿ ಅವರು ಮ್ಯಾಂಚೆಸ್ಟರ್ ಕಾಟನ್ ಕಂಪನಿಯನ್ನು ಸ್ಥಾಪಿಸಿದರು. ಧಾರವಾಡ ಸೀಮೆಯ ಹತ್ತಿಯನ್ನು ನೇರವಾಗಿ ಕೊಂಡು, ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡದಲ್ಲಿ ಪ್ರೆಸ್ಸು ಹಾಕಿ, ಅಲ್ಲಿಂದಲೇ ಇಂಗ್ಲೆಂಡಿಗೆ ಸಾಗಿಸುವುದು ಅವರ ಯೋಜನೆ. ಹತ್ತಿ ವ್ಯಾಪಾರಸ್ಥರ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಒಂದು ಬೆಳೆಯ ಸಲುವಾಗಿ ಜಿಲ್ಲೆಯೊಂದರ ಸರಕಾರವೇ ಬದಲಾದ ಪ್ರಸಂಗವಿದು.

ಕಂಪನಿಯು ಕಳಿಸಿದ ಯಂತ್ರಗಳು 1862ರಲ್ಲಿ ದಂಡೆಗೆ ಬಂದಾಗ ಘಟ್ಟದ ರಸ್ತೆ ಪೂರ್ಣಗೊಂಡಿರಲಿಲ್ಲ. ಸರಕು ಇಳಿಸಿಕೊಳ್ಳುವ ಸೌಕರ್ಯವೂ ಸಿದ್ಧವಿರಲಿಲ್ಲ. ಯಂತ್ರಗಳು ಉಸುಕಿನ ಮೇಲೆ ಉಳಿದವು. ಕೆಲವೇ ವರ್ಷಗಳಲ್ಲಿ ಕಂಪನಿ ತನ್ನ ವ್ಯವಹಾರ ಮುಚ್ಚಿತು. ಮಾಲಿತ್ತು, ಗಿರಾಕಿಯಿದ್ದ, ಬಂಡವಾಳವಿತ್ತು, ರಸ್ತೆ ಇರಲಿಲ್ಲ. ಮೂಲಸೌಕರ್ಯ ಬರುವುದೆಂಬ ನಂಬಿಕೆಯಿಂದ ಮೊದಲೇ ಯಂತ್ರ ತರಿಸಿ, ವಿದ್ಯುತ್ತಿಗಾಗಿಯೋ ರಸ್ತೆಗಾಗಿಯೋ ಕಾಯುತ್ತ ಸಾಲದ ಕಂತು ಕಟ್ಟಿದ ಸಣ್ಣ ಉದ್ಯಮಿಗಳಿಗೆ ಈ ಘಟನೆ ನೂರಾ ಅರವತ್ತು ವರ್ಷ ಹಳೆಯದೆನ್ನಿಸಲಾರದು.

ಹಳಿ ಬೇರೆ ದಿಕ್ಕಿಗೆ ತಿರುಗಿತು

ಕುಮಟಾದ ದಾರಿಗೆ ಕೊನೆಯ ಪೆಟ್ಟು ಕೊಟ್ಟದ್ದು ಬರಗಾಲ ಮತ್ತು ರೈಲು. 1876–78ರ ಘೋರ ಕ್ಷಾಮದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಜಿಲ್ಲೆಗಳು ತತ್ತರಿಸಿದವು. ಕರಾವಳಿಗೆ ಧಾನ್ಯ ಬಂದರೂ ಘಟ್ಟ ಏರಿಸುವುದು ದುಸ್ತರವಾಗಿತ್ತು. ಮೇವು-ನೀರಿಲ್ಲದೆ ಚಕ್ಕಡಿಯ ಎತ್ತುಗಳೇ ಸಾಯುತ್ತಿದ್ದವು. ಎತ್ತಿನ ಶಕ್ತಿಯನ್ನು ನಂಬಿದ ದಾರಿ ಬರಗಾಲದಲ್ಲಿ ಎತ್ತಿನೊಡನೆಯೇ ಬೀಳುತ್ತದೆಂಬುದು ಸರಕಾರಕ್ಕೆ ಮನವರಿಕೆಯಾಯಿತು. ಕ್ಷಾಮ ನಿವಾರಣೆಯ ಉದ್ದೇಶದಿಂದ ಒಳನಾಡಿನಲ್ಲಿ ರೈಲು ಮಾರ್ಗಗಳನ್ನು ಹಾಕುವ ನಿರ್ಧಾರವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೊಟಗಿಯಿಂದ ಬಂದ ಹಳಿ ಗದಗ ತಲುಪಿತು. ಬಳ್ಳಾರಿ, ಹುಬ್ಬಳ್ಳಿಗಳ ಹಳಿಗಳೂ ಕೂಡಿಕೊಂಡು ಗದಗ ಜಂಕ್ಷನ್ ಆಯಿತು.

ಇನ್ನೊಂದು ನಿರ್ಧಾರ ದೂರದ ರಾಜಧಾನಿಗಳಲ್ಲಿ ಆಗಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕುವ ಪ್ರಸ್ತಾಪ ಬಹುಕಾಲದಿಂದ ಇತ್ತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ ಗೋವೆಯ ಮರ್ಮಗೋವಾ ಬಂದರಿಗೆ ಮಾರ್ಗ ಹಾಕುವುದೆಂದು ನಿಶ್ಚಯವಾಯಿತು. 1888ರಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ರೈಲು ಸಂಪರ್ಕ ದೊರೆಯಿತು. ಹತ್ತು ದಿನಗಳ ಚಕ್ಕಡಿಯ ಪಯಣ ಒಂದೆರಡು ದಿನಗಳಿಗೆ ಇಳಿಯಿತು. ಮಳೆಗಾಲದ ಭಯವೂ ಹೋಯಿತು. ಹೊಟಗಿ ಮಾರ್ಗವಾಗಿ ನೇರ ಮುಂಬಯಿಗೂ ಮಾಲು ಕಳಿಸಬಹುದಾಯಿತು. ಹೀಗಿರುವಾಗ ದೇವಿಮನೆ ಘಟ್ಟ ಇಳಿಯುವ ವ್ಯಾಪಾರಸ್ಥನಾರು?

ಕುಮಟಾದವರು ಮಾಡಿದ ತಪ್ಪಾದರೂ ಏನು? ಅವರು ಸೋಮಾರಿಗಳಾಗಲಿಲ್ಲ, ಸಾಲ ಮುಳುಗಿಸಲಿಲ್ಲ, ವ್ಯವಹಾರ ಮರೆಯಲಿಲ್ಲ. ಅವರ ಊರಿನಲ್ಲಿ ಯಾವ ಬದಲಾವಣೆಯೂ ಆಗದೆಯೇ ಅವರ ವ್ಯಾಪಾರ ಹೋಯಿತು. ನೂರಾರು ಮೈಲಿ ದೂರದಲ್ಲಿ ಹಳಿ ಬೇರೆ ದಿಕ್ಕಿಗೆ ತಿರುಗಿತು, ಅಷ್ಟೇ. ಗುಜರಾತಿನ ಧೋಲೇರಾ ಬಂದರಿನ ಕಥೆಯೂ ಇದಕ್ಕೆ ಹತ್ತಿರದ್ದೇ. ಹೂಳು ತುಂಬಿ, ರೈಲು ಬೇರೆಡೆ ಹೋಗಿ ಬಂದರು ಬಡವಾಯಿತು. ಹತ್ತಿಯ ಹೆಸರು ಮಾತ್ರ ಪೇಠೆಯಲ್ಲಿ ಬಹುಕಾಲ ಮೆರೆಯಿತು.

ಇಂದಿನ ಕುಮಟಾ

ಕುಮಟಾದ ಕಡಲ ದಂಡೆಯ ಭಾಗಕ್ಕೆ ಇಂದಿಗೂ ‘ಹೆಡ್‌ಬಂದರ’ ಎಂದು ಹೆಸರು. ಸಂಜೆಯ ಹೊತ್ತು ಜನ ಅಲ್ಲಿಗೆ ಗಾಳಿ ಸೇವನೆಗೆ ಹೋಗುತ್ತಾರೆ. ಗದಗಿನ ವರ್ತಕನೊಬ್ಬ ಗೋಕರ್ಣದ ಯಾತ್ರೆ ಮುಗಿಸಿ ಅಲ್ಲಿ ನಿಂತರೆ, ತನ್ನ ಮುತ್ತಜ್ಜನ ಕಾಲದ ಅಂಡಿಗೆಗಳು ಇದೇ ನೀರಿನ ಮೇಲೆ ಮುಂಬಯಿಗೆ ಹೋದವೆಂದು ಹೇಳುವ ಗುರುತು ಯಾವುದೂ ಅವನ ಕಣ್ಣಿಗೆ ಬೀಳದು. ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಂಡು ಕುಮಟಾಕ್ಕೂ ನಿಲ್ದಾಣ ಬಂತು. ಆದರೆ ಆ ಹಳಿ ಕಡಲಿನ ಗುಂಟ ಉತ್ತರ-ದಕ್ಷಿಣವಾಗಿ ಹೋಗುತ್ತದೆಯೇ ಹೊರತು ಘಟ್ಟ ಏರುವುದಿಲ್ಲ. ಘಟ್ಟ ಏರಬೇಕಾಗಿದ್ದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾದರೂ ಅರಣ್ಯದ ಪ್ರಶ್ನೆ ಮತ್ತು ನ್ಯಾಯಾಲಯದ ವ್ಯಾಜ್ಯಗಳ ನಡುವೆ ಇಂದಿಗೂ ಕರಾವಳಿ ತಲುಪಿಲ್ಲ.

ಆದರೂ ಕುಮಟಾ ಅಳಿದುಹೋದ ಊರಲ್ಲ. ಅಲ್ಲಿ ಉಳಿದದ್ದೇನೆಂಬುದನ್ನು ನೋಡಿದರೆ ಈ ಕಥೆಯ ಅರ್ಥ ತಿಳಿಯುತ್ತದೆ. ಗೋಕರ್ಣದ ಹಾದಿಯಲ್ಲಿರುವ ಸಾಣೀಕಟ್ಟಾದ ಗದ್ದೆಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ನಾಗರಬೈಲ ಉಪ್ಪಿನ ಮಾಲೀಕರ ಸಹಕಾರಿ ಸಂಘವು ಆ ಕಸುಬನ್ನು ಹಿಡಿದುಕೊಂಡು ಬಂದಿದೆ. ಅಡಿಕೆಯ ಮಾರುಕಟ್ಟೆ ನಡೆಯುತ್ತದೆ. ಕುಮಟಾದ ಚಾಲಿ ಅಡಿಕೆಯ ಧಾರಣೆ ದಿನಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಡಾ. ಎ. ವಿ. ಬಾಳಿಗಾ ಅವರ ಹೆಸರಿನ ಮಹಾವಿದ್ಯಾಲಯವು ಸುತ್ತಲಿನ ಮಕ್ಕಳಿಗೆ ವಿದ್ಯೆ ಕೊಡುತ್ತಿದೆ. ಬೇಸಿಗೆಯಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲಿ, ಅಳ್ವೆಕೋಡಿ, ಹಂದಿಗೋಣದ ಸುತ್ತಮುತ್ತ, ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಮಾರಾಟವಾಗುತ್ತದೆ. ಪ್ರವಾಸಿಗರು ಕಾರು ನಿಲ್ಲಿಸಿ, ‘ಕುಮಟಾ ಈರುಳ್ಳಿ’ ಎಂದು ಹೆಸರು ಹಿಡಿದು ಕೇಳಿ ಕೊಳ್ಳುತ್ತಾರೆ.

ಉಳ್ಳಾಗಡ್ಡಿಯ ಜಿಲ್ಲೆಯೆಂದು ಹೆಸರಾದ ಗದಗಿನವರು ಇದನ್ನು ಗಮನಿಸಬೇಕು. ಎಲ್ಲಿಯೋ ಬೆಳೆದು ಹಾದುಹೋಗುತ್ತಿದ್ದ ಹತ್ತಿಯು ಕುಮಟಾದ ಹೆಸರನ್ನು ಜಗತ್ತಿಗೆ ಸಾರಿ, ದಾರಿ ಬದಲಾದೊಡನೆ ಊರನ್ನು ಬಿಟ್ಟುಹೋಯಿತು. ಅಲ್ಲಿಯ ಉಸುಕು ಮಣ್ಣಿನಲ್ಲಿಯೇ ಬೆಳೆದು, ಅಲ್ಲಿಯ ಕೈಗಳೇ ಹೆಣೆದು ಮಾರುವ ಈರುಳ್ಳಿ ಯಾರ ಹಂಗೂ ಇಲ್ಲದೆ ಊರಿನ ಹೆಸರನ್ನು ಉಳಿಸಿಕೊಂಡಿದೆ.

ಅದಿರಿನ ಲಾರಿಗಳು

ಈ ಪಾಠ ಹಳೆಯದೆಂದು ತಳ್ಳಿಹಾಕುವವರು 2000ರ ದಶಕವನ್ನು ನೆನಪಿಸಿಕೊಳ್ಳಬಹುದು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ದರ ಏರಿತು. ಸಂಡೂರು, ಹೊಸಪೇಟೆಗಳ ಗಣಿಗಳಿಂದ ಹೊರಟ ಲಾರಿಗಳು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾ ಬಳಿಯ ಬೇಲೆಕೇರಿ ಮತ್ತು ಕಾರವಾರ ಬಂದರುಗಳಿಗೆ ಹೋದವು. ಹತ್ತಿಯ ಚಕ್ಕಡಿ ಸಾಗಿದ ದಿಕ್ಕಿನಲ್ಲಿಯೇ ಈಗ ಅದಿರಿನ ಲಾರಿ. ಹೆದ್ದಾರಿ ಕೆಂಪಾಯಿತು. ಹಾದಿಯುದ್ದಕ್ಕೂ ಧಾಬಾ, ಟೈರು, ಡೀಸೆಲ್, ಗ್ಯಾರೇಜುಗಳ ವ್ಯಾಪಾರ ಬೆಳೆಯಿತು. ಸಾಲ ಮಾಡಿ ಲಾರಿ ಕೊಂಡವರು ಅನೇಕರು.

2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ಲಕ್ಷಾ‌ಂತರ ಟನ್ ಅಕ್ರಮ ಅದಿರು ಜಪ್ತಿಯಾಯಿತು. ಜಪ್ತಿಯಾದ ಅದಿರಿನಲ್ಲಿಯೂ ದೊಡ್ಡ ಪಾಲು ಕಾಣೆಯಾಯಿತು. ಆ ವರ್ಷದ ಜುಲೈನಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ರಫ್ತಿನ ನಿಷೇಧ ತೆರವಾದದ್ದು 2022ರಲ್ಲಿ. ಹನ್ನೆರಡು ವರ್ಷ ಕಾಯುವ ಶಕ್ತಿ ಯಾವ ಸಣ್ಣ ಲಾರಿ ಮಾಲೀಕನಿಗಿರುತ್ತದೆ?

1865ರ ಮುಂಬಯಿಯಲ್ಲಾಗಲಿ 2011ರ ಈ ಹೆದ್ದಾರಿಯಲ್ಲಾಗಲಿ ಆದ ಲೆಕ್ಕದ ತಪ್ಪು ಒಂದೇ. ಆಕಸ್ಮಿಕವಾಗಿ ಬಂದ ಲಾಭವನ್ನು ಕಾಯಂ ಆದಾಯವೆಂದು ಬಗೆದು ಅದರ ಮೇಲೆ ಕಾಯಂ ಸಾಲ ಎತ್ತಲಾಯಿತು. ಯಂತ್ರ ಸವೆಯುತ್ತದೆಂದು ಪ್ರತಿ ವರ್ಷ ಸವಕಳಿ ತೆಗೆದಿಡುವ ವರ್ತಕನು ತಾನು ನಂಬಿದ ದಾರಿಯೂ ಸವೆಯುತ್ತದೆಂದು ಏನನ್ನೂ ತೆಗೆದಿಡುವುದಿಲ್ಲ.

ಗದಗಿನ ಖಾತೆ

ಈಗ ಗದಗಿನ ಪುಟಕ್ಕೆ ಬರಬಹುದು. 1884ರ ನಂತರ ಕುಮಟಾ ಕಳೆದುಕೊಂಡದ್ದನ್ನು ಗದಗ ಗಳಿಸಿತು. ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಫ್ಯಾಕ್ಟರಿಗಳು ಬಂದವು, ಅಡತ ಅಂಗಡಿಗಳು ಬೆಳೆದವು. ಇಷ್ಟೇ ಆಗಿದ್ದರೆ ಗದಗವೂ ಇನ್ನೊಂದು ಕುಮಟಾ ಆಗುತ್ತಿತ್ತು. ಆದರೆ ಇಲ್ಲಿ ದಾರಿಯನ್ನು ಮೀರಿದ ಕೆಲಸಗಳೂ ನಡೆದವು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸಿದ್ದನಗೌಡ ಪಾಟೀಲರು ಕಟ್ಟಿದರು. ಮುಂದಿನ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಹುಟ್ಟಿ, ರೈತನ ಹತ್ತಿಯನ್ನು ದರ್ಜೆವಾರು ವಿಂಗಡಿಸಿ ಹರಾಜು ಮಾಡುವ ಪದ್ಧತಿ ಬಂತು. ಬೆಟಗೇರಿಯ ಮಗ್ಗಗಳು ಸೀರೆ ನೇಯ್ದವು. ಮುದ್ರಣಾಲಯಗಳು ಗದಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರು ತಂದವು.

ಹತ್ತಿಯ ತಳಿಯಲ್ಲಿಯೂ ಗದಗಿನ ಹೆಸರು ಮೂಡಿತು. ವಿಲಾಯಿತಿ ಹತ್ತಿಯಿಂದ ಆರಿಸಿದ ತಳಿಗೆ ‘ಗದಗ-1’ ಎಂದು ಹೆಸರಿಟ್ಟರು. ಅದರ ಸಂಕರದಿಂದ ಪ್ರಸಿದ್ಧ ‘ಲಕ್ಷ್ಮಿ’ ತಳಿ ಹುಟ್ಟಿತು. ಕುಮಟಾ ಹತ್ತಿಯ ವಂಶದಲ್ಲಿ ‘ಜಯವಂತ’, ‘ಜಯಧರ’ಗಳು ಬಂದವು. 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಟರಕಿ ಅವರ ‘ವರಲಕ್ಷ್ಮಿ’, 1981ರಲ್ಲಿ ಡಿ.ಸಿ.ಎಚ್.-32, 2002ರಿಂದ ಬಿ.ಟಿ. ಹತ್ತಿ. ಒಂದೊಂದು ತಳಿ ಬಂದಾಗಲೂ ಹಿಂದಿನ ಹೆಸರು ಪೇಠೆಯಿಂದ ಹಿಂದೆ ಸರಿಯಿತು. ಕುಮಟಾದಂತೆ ಗದಗವೂ ಹತ್ತಿಗೆ ಹೆಸರು ಕೊಟ್ಟಿತು. ಇಂದು ಆ ಎರಡೂ ಹೆಸರುಗಳನ್ನು ಬಲ್ಲ ತರುಣ ವ್ಯಾಪಾರಸ್ಥರು ವಿರಳ.

ರೈಲು ನಿಲ್ದಾಣದ ಸುತ್ತಲಿನ ಹಳೆಯ ಜಿನ್ನುಗಳಲ್ಲಿ ಇಂದು ಹತ್ತಿ ಅರೆಯುವವು ಎಷ್ಟು, ಬೀಗ ಬಿದ್ದವು ಎಷ್ಟು, ನಿವೇಶನಗಳಾಗಿ ಮಾರಾಟವಾದವು ಎಷ್ಟು ಎಂಬುದನ್ನು ಓದುಗರು ತಾವೇ ಬೆರಳು ಮಡಿಚಿ ಎಣಿಸಿಕೊಳ್ಳಬಹುದು. ಬೆಟಗೇರಿಯ ಯಾವ ಓಣಿಯಲ್ಲಿ ಮಗ್ಗದ ಸದ್ದು ನಿಂತಿದೆ, ಯಾವ ಅಂಗಡಿಯ ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದಾನೆ ಎಂಬುದೂ ಅವರಿಗೆ ತಿಳಿದದ್ದೇ. ಎರೆಹೊಲದಲ್ಲಿ ಈಗ ಹೆಸರು, ಕಡಲೆ, ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿಗಳಿವೆ. ಬೆಳೆ ಬದಲಾದದ್ದು ದೋಷವಲ್ಲ. ಪ್ರಶ್ನೆಯಿರುವುದು ಆ ಬೆಳೆಯ ಮೇಲೆ ಈ ಊರು ಎಷ್ಟು ಕೆಲಸ ಮಾಡುತ್ತದೆ ಎಂಬುದರಲ್ಲಿ.

ಮೆಣಸಿನಕಾಯಿಯನ್ನೇ ನೋಡಬಹುದು. ಗದಗ ಜಿಲ್ಲೆಯ ಹೊಲಗಳಲ್ಲಿ ಬೆಳೆದ ಕಾಯಿ ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ ‘ಬ್ಯಾಡಗಿ ಮೆಣಸಿನಕಾಯಿ’ ಆಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಒಮ್ಮೆ ಹತ್ತಿಗೆ ಆದದ್ದೇ ಈಗ ಮೆಣಸಿನಕಾಯಿಗೆ ಆಗಿದೆ: ಬೆವರು ಇಲ್ಲಿಯದು, ಹೆಸರು ಮಾರುಕಟ್ಟೆಯ ಊರಿನದು.

ಉಳ್ಳಾಗಡ್ಡಿಯ ಲೆಕ್ಕ ಇನ್ನೂ ಕಟುವಾಗಿದೆ. 2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 400 ಕಿ.ಮೀ.ಗೂ ದೂರದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ 205 ಕಿಲೋ ಉಳ್ಳಾಗಡ್ಡಿ ಒಯ್ದಿದ್ದರು. ಕ್ವಿಂಟಲಿಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಹಮಾಲಿ 24 ರೂಪಾಯಿ, ಸಾಗಾಣಿಕೆ 377 ರೂಪಾಯಿ 64 ಪೈಸೆ. ರೈತನ ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ. ಆ ರಸೀತಿ ನಾಡಿನೆಲ್ಲೆಡೆ ಹರಿದಾಡಿ ಜನ ಮರುಗಿದರು. ಲೆಕ್ಕಿಗನ ಕಣ್ಣಿಗೆ ಅದರಲ್ಲಿ ಕಾಣುವುದು ಇನ್ನೊಂದು ಸಂಗತಿ: ನೂರು ರೂಪಾಯಿಯಲ್ಲಿ 92ನ್ನು ದಾರಿಯೇ ತಿಂದಿದೆ. ಅದೇ ಉಳ್ಳಾಗಡ್ಡಿಯನ್ನು ಗದಗಿನಲ್ಲಿಯೇ ವಿಂಗಡಿಸಿ, ಕೆಡದಂತೆ ಶೇಖರಿಸಿ, ಒಣಗಿಸಿ ಕಳಿಸುವ ಘಟಕಗಳು ಸಾಕಷ್ಟಿದ್ದರೆ ತೂಕವೂ ಇಳಿಯುತ್ತಿತ್ತು, ಬಾಡಿಗೆಯೂ ಇಳಿಯುತ್ತಿತ್ತು, ದರ ಬಿದ್ದ ವಾರ ಮಾರಲೇಬೇಕಾದ ಒತ್ತಡವೂ ಇರುತ್ತಿರಲಿಲ್ಲ.

ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ವಿಷಯವೂ ಇದೇ. ಗಾಳಿ ಇಲ್ಲಿಯದು; ತಂತಿಯ ಮೇಲೆ ಹರಿದುಹೋಗುವ ವಿದ್ಯುತ್ತಿನಿಂದ ತಿರುಗುವ ಯಂತ್ರಗಳು ಬಹುಮಟ್ಟಿಗೆ ಬೇರೆ ಊರುಗಳವು. ನೆಲದ ಬಾಡಿಗೆ ಬರುತ್ತದೆ, ಒಳ್ಳೆಯದೇ. ಆದರೆ ಬಾಡಿಗೆ ಬಾಡಿಗೆಯೇ. ಕುಮಟಾದ ಗೋದಾಮುಗಳಿಗೂ ಒಂದು ಕಾಲದಲ್ಲಿ ಒಳ್ಳೆಯ ಬಾಡಿಗೆ ಬರುತ್ತಿತ್ತು.

ಎರಡು ಸಾಲಿನ ಲೆಕ್ಕ

ಹೊಸ ಹಳಿ, ಹೊಸ ಹೆದ್ದಾರಿ, ಹೊಸ ಬಂದರುಗಳ ಬೇಡಿಕೆಯನ್ನು ವರ್ತಕ ಸಂಘಟನೆಗಳು ಮುಂದಿಡುವುದು ಸಹಜ ಮತ್ತು ಯೋಗ್ಯ. ಗದಗ–ವಾಡಿ ಮಾರ್ಗದ ಕೆಲಸ ತುಂಡುತುಂಡಾಗಿ ನಡೆದಿದೆ. ಅಂಕೋಲಾ ಬಳಿಯ ಕೇಣಿಯಲ್ಲಿ ಬಂದರು ಕಟ್ಟಲು 2023ರಲ್ಲಿ ಖಾಸಗಿ ಕಂಪನಿಯೊಂದನ್ನು ಆರಿಸಲಾಯಿತು. ಅಲ್ಲಿಯ ಮೀನುಗಾರರು ತಮ್ಮ ಜೀವನಾಧಾರದ ಸಲುವಾಗಿ ಅದನ್ನು ವಿರೋಧಿಸಿದ್ದಾರೆ. ಇವುಗಳಲ್ಲಿ ಯಾವುದು ಯಾವಾಗ ಪೂರ್ಣವಾದರೂ ಒಂದು ಮಾತು ನೆನಪಿರಬೇಕು. ದಾರಿ ಮಾಲನ್ನು ತರುವಷ್ಟೇ ಸುಲಭವಾಗಿ ಒಯ್ಯುತ್ತದೆ. ಹಾದುಹೋಗುವ ಮಾಲಿನ ಮೇಲೆ ಒಂದಿಷ್ಟಾದರೂ ಕೆಲಸ ಮಾಡದ ಊರಿಗೆ ದಾರಿಯಿಂದ ಸಿಗುವುದು ಧೂಳು ಮಾತ್ರ.

ದೀಪಾವಳಿಯ ಪಾಡ್ಯದಂದು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಲ್ಲಿ ಇಂದಿಗೂ ಹೊಸ ಕಿರ್ದಿಗೆ ಪೂಜೆ ನಡೆಯುತ್ತದೆ. ಲೆಕ್ಕವೆಲ್ಲ ಗಣಕಯಂತ್ರಕ್ಕೆ ಹೋದರೂ ಕೆಂಪು ಬಟ್ಟೆಯ ಹೊದಿಕೆಯ ಆ ವಹಿಗೆ ಕುಂಕುಮ ಹಚ್ಚುವುದು ತಪ್ಪಿಲ್ಲ. ಮುಂದಿನ ಪಾಡ್ಯದಂದು ಪ್ರತಿಯೊಬ್ಬ ವರ್ತಕನೂ ಸಣ್ಣ ಉದ್ಯಮಿಯೂ ಆ ವಹಿಯ ಮೊದಲ ಪುಟದಲ್ಲಿ ಎರಡು ಸಾಲು ಬರೆದು ನೋಡುವುದು ಒಳಿತು. ಕಳೆದ ವರ್ಷದ ಗಳಿಕೆಯಲ್ಲಿ ಮಾಲು ಕೈ ದಾಟಿದ್ದಕ್ಕೆ ಬಂದದ್ದೆಷ್ಟು? ಮಾಲಿನ ಮೇಲೆ ಇಲ್ಲಿಯೇ ಕೆಲಸ ಮಾಡಿ ಗಳಿಸಿದ್ದೆಷ್ಟು? ಮೊದಲನೆಯ ಸಾಲಿನ ಹಣ ಹೆಚ್ಚಾದ ವರ್ಷ ಅದರಿಂದ ಒಂದು ಪಾಲನ್ನು ತೆಗೆದು ಎರಡನೆಯ ಸಾಲನ್ನು ಬೆಳೆಸುವ ಕೆಲಸಕ್ಕೆ ಹಾಕಬೇಕು. ಒಂದು ಶೇಖರಣಾ ಘಟಕವಿರಬಹುದು, ಬೇಳೆ ಮಾಡುವ ಯಂತ್ರವಿರಬಹುದು, ಒಬ್ಬರಿಂದಾಗದಿದ್ದರೆ ನಾಲ್ವರು ಕೂಡಿ ಕಟ್ಟುವ ಸಂಘವಿರಬಹುದು. ಕಣಗಿನಹಾಳದ ನೆಲದವರಿಗೆ ಕೂಡಿ ಕಟ್ಟುವುದನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಕುಮಟಾದ ಸಾಹುಕಾರರು 1864ರ ದೀಪಾವಳಿಯಲ್ಲಿ ತಮ್ಮ ಹೊಸ ವಹಿಗೆ ಪೂಜೆ ಮಾಡಿದಾಗ, ಇಪ್ಪತ್ತು ವರ್ಷಗಳಲ್ಲಿ ಗದಗಿಗೆ ಹಳಿ ಬರುವುದೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಗದಗಿನವರಿಗೆ ಆ ನೆಪವಿಲ್ಲ. ಅವರ ಮುಂದೆ ಕುಮಟಾದ ವಹಿ ತೆರೆದೇ ಇದೆ.